ಅಪ್ಪನ ರೈಫಲ್ಲಿಗೊಂದು ದುರ್ಬೀನು

ಕಾಡುಹಂದಿಗೆ ಹೊಡೆದೆನೆಂದು ಅಪ್ಪ ಮೀಸೆ ತಿರುವುತ್ತಿದ್ದರು. ಹೊಡೆದದ್ದು ತೋಟದ ನೀರಿನ ಕಪ್ಪು ಟ್ಯಾಂಕಿಗೆ. ಅಮ್ಮ ತೂತಿಗೆ ಬಟ್ಟೆ ತುರುಕಿ, "ಹಂದಿ ಓಡೋಯ್ತು ಬಿಡಿ" ಅಂದುಬಿಟ್ಟಳು. ನಾನೂ ಬಾಯಿ ಮುಚ್ಚಿಕೊಂಡೆ. ಅಜ್ಜಂಪುರದ ಕಡೆ ತೆಂಗಿನ ತೋಟದವರಿಗೆ ಲೈಸೆನ್ಸಿನ ರೈಫಲ್ಲೆಂದರೆ ಎರಡನೇ ಮೀಸೆ. ಅದನ್ನು ಬೋಳಿಸುವ ಧೈರ್ಯ ಯಾರಿಗಿದೆ?

ಅಪ್ಪನ ಬಲಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಅಂದರೆ ಉರಿದುಬೀಳುತ್ತಿದ್ದರು. "ಕಣ್ಣಿಗೇನಾಗಿದೆಯೋ? ರೈಫಲ್ಲಿಗೊಂದು ಒಳ್ಳೇ ದುರ್ಬೀನು ಹಾಕ್ಸು, ಸಾಕು." ಅಮ್ಮ ಮಾತ್ರ ಗುಂಡುಗಳ ಪೊಟ್ಟಣವನ್ನು ರಾಗಿಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟು, "ಮೊದ್ಲು ಕಣ್ಣು, ಆಮೇಲೆ ಗುಂಡು" ಅನ್ನುತ್ತಿದ್ದಳು.

ಕಡೂರಿನ ಬಂದೂಕಿನ ಅಂಗಡಿಗೆ ಅಪ್ಪನನ್ನು ಕರೆದುಕೊಂಡು ಹೋದೆ. ಕೊಬ್ಬರಿ ಮಾರಿ ಬಂದ ದುಡ್ಡಿನಲ್ಲೇ ಮುಗಿಯಬೇಕಿತ್ತು. ಅಂಗಡಿಯವನು ಸಂಭಾವಿತ. "ದೊಡ್ಡದಾಗಿ ತೋರ್ಸುತ್ತೆ ಅಂತ ಮೋಸ ಹೋಗ್ಬೇಡಿ ಯಜಮಾನ್ರೇ. ಗಾಜು ಚೆನ್ನಾಗಿರ್ಬೇಕು, ಸಂಜೆ ಬೆಳಕಲ್ಲೂ ಕಾಣ್ಬೇಕು, ಗುಂಡಿನ ಹೊಡ್ತಕ್ಕೆ ಗುರಿ ಕದಲ್ಬಾರ್ದು" ಎಂದು ಒಂದೊಂದನ್ನೇ ಕೈಗಿತ್ತ. ಅಪ್ಪ ಬಾಗಿಲಲ್ಲಿ ನಿಂತು ಎದುರು ಬೀದಿಯ ಬೋರ್ಡಿಗೆ ಗುರಿಯಿಟ್ಟರು. ಅಗ್ಗದ್ದು ಮಸುಕು. ನಡುವಿನದ್ದೂ ಮಸುಕು. ನಮ್ಮ ಕೈಗೆಟುಕದ್ದೂ ಮಸುಕೇ.

"ಬರೀ ಡೂಪ್ಲಿಕೇಟ್ ಮಡಗಿದೀಯಲ್ಲಪ್ಪಾ."

"ಒಂದ್ಸಲ ಎಡಗಣ್ಣಲ್ಲಿ ನೋಡಿ."

ಅಪ್ಪ ನೋಡಿದರು. ಬೋರ್ಡಿನ ಮೂಲೆಯ ಫೋನ್ ನಂಬರನ್ನೂ ಓದಿಬಿಟ್ಟರು, ಅದೂ ಎಲ್ಲಕ್ಕಿಂತ ಅಗ್ಗದ ದುರ್ಬೀನಿನಲ್ಲಿ. ಅದನ್ನು ಮೆಲ್ಲಗೆ ಕೆಳಗಿಟ್ಟು ಹೊರಗೆ ನಡೆದರು. ಇದೇ ಸಮಯವೆಂದು ನಾನು ಸೀದಾ ತರೀಕೆರೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ.

ಡಾಕ್ಟರಮ್ಮ ಕಣ್ಣೊಳಗೆ ಹಾಕುವ ಲೆನ್ಸುಗಳ ಬೆಲೆ ಹೇಳತೊಡಗಿದಾಗ ಅಪ್ಪನಿಗೆ ಜೀವ ಬಂತು. "ಸಂಜೆ ಬೆಳಕಲ್ಲಿ ಕಾಣುತ್ತೇನಮ್ಮಾ? ಗುಂಡಿನ ಹೊಡ್ತಕ್ಕೆ ಕದಲಲ್ವಾ?" ಆಕೆ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಕೊಬ್ಬರಿ ದುಡ್ಡು ಅಪ್ಪನ ಕಣ್ಣಿಗೇ ಹೋಯಿತು.

ಕಣ್ಣು ವಾಸಿಯಾದ ಮೇಲೆ ಅಪ್ಪ ತೋಟ ಸುತ್ತಲು ಹೊರಟರು; ಹಿಂದೆ ಅಮ್ಮ, ನಾನು. ಟ್ಯಾಂಕಿಗೆ ತುರುಕಿದ ಬಟ್ಟೆ ಕಂಡಿತು. ಎಳೆದು, ತೂತಿಗೆ ಬೆರಳು ಹಾಕಿ ನೋಡಿದರು. ಆ ಕಡೆಗೆ ಹೋದರೆ ಇನ್ನೊಂದು ತೂತು, ಅದಕ್ಕೂ ಬಟ್ಟೆ.

"ಅವತ್ತು ನೀನೆಲ್ಲಿದ್ದೆ?" ಎಂದು ಅಮ್ಮನನ್ನು ಕೇಳಿದರು.

"ಇದ್ರ ಹಿಂದೇನೇ. ಬಗ್ಗಿ ಕೊಡ ತುಂಬ್ಕೋತಿದ್ದೆ."

ಇದು ನನಗೂ ಗೊತ್ತಿರಲಿಲ್ಲ. ಇಷ್ಟು ದಿನ ಹೇಳದ ಅಮ್ಮನ ಮೇಲೇ ಸಿಟ್ಟು ಬಂತು. ಅಪ್ಪ ಬದುವಿನ ಮೇಲೆ ಕುಸಿದು ಕೂತರು.

ಅಮ್ಮ ಮನೆಯೊಳಗೆ ಹೋಗಿ, ಹಿಟ್ಟು ಮೆತ್ತಿದ್ದ ಪೊಟ್ಟಣ ತಂದು ಅವರ ಮುಂದಿಟ್ಟಳು. "ತಗಳಿ, ಕಣ್ಣು ಬಂತಲ್ಲ."

ಅಪ್ಪ ಅದನ್ನು ಮುಟ್ಟಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತ ಕೂತಿದ್ದರು.