ನೀಲಿಗೆ ತಿರುಗದ ಉಪ್ಪು

ಮದುವೆಯಾಗಿ ಬೇತಮಂಗಲದ ಹತ್ತಿರದ ಹಳ್ಳಿಗೆ ಬಂದಾಗ ನಮ್ಮತ್ತೆಯ ಅಡುಗೆಮನೆಯಲ್ಲಿ ಕಲ್ಲುಪ್ಪಿನದೇ ದರಬಾರು. ಚೀಲದಲ್ಲಿ ತಂದ ಉಪ್ಪನ್ನು ನೀರಲ್ಲಿ ಜಾಲಿಸಿ, ಬಿಸಿಲಿಗೆ ಹರವಿ, ಒಣಗಿದ ಮೇಲೆ ಮಣ್ಣಿನ ಗಡಿಗೆಗೆ ತುಂಬುತ್ತಿದ್ದರು. ನನಗೇನೂ ತಕರಾರಿರಲಿಲ್ಲ. ಬಸುರಿಯಾದ ಮೇಲೆ ಶುರುವಾಯಿತು ನೋಡಿ ರಾಮಾಯಣ.

ರಾಬರ್ಟ್‌ಸನ್‌ಪೇಟೆಯ ಡಾಕ್ಟರಮ್ಮ ರಕ್ತಪರೀಕ್ಷೆ ನೋಡಿ ಥೈರಾಯ್ಡ್ ಕಮ್ಮಿ ಇದೆ ಅಂದರು. ಮಾತ್ರೆ ಬರೆದರು. ಮನೆಯಲ್ಲಿ ಯಾವ ಉಪ್ಪು ಎಂದು ಕೇಳಿ, "ಕಲ್ಲುಪ್ಪು ಬಿಡಮ್ಮ, ಅಯೋಡಿನ್ ಇರೋ ಪ್ಯಾಕೆಟ್ ಉಪ್ಪು ತಿನ್ನು. ದಿನಕ್ಕೆ ಬೇಕಾಗಿರೋದು ಕಣ್ಣಿಗೆ ಕಾಣದಷ್ಟು. ಅಷ್ಟೂ ಸಿಗದೇ ಹೋದ್ರೆ ಮಗುವಿನ ಮೆದುಳು ಸರಿಯಾಗಿ ಬೆಳೆಯಲ್ಲ" ಎಂದರು. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಕೋಲೆಬಸವನ ಹಾಗೆ ತಲೆಯಾಡಿಸಿದರು. ಬಸ್ ಹತ್ತುವ ಮುಂಚೆ ಅವರೇ ಅಂಗಡಿಗೆ ಹೋಗಿ ಪ್ಯಾಕೆಟ್ ತಂದರು. ಅದು ಮುಗಿದ ಮೇಲೂ ನಮ್ಮೂರಿನ ಅಂಗಡಿಯಿಂದ ತರುತ್ತಲೇ ಇದ್ದರು.

ಅತ್ತೆ ಮೂತಿ ತಿರುಗಿಸಿದರು. "ನಾವೆಲ್ಲ ಕಲ್ಲುಪ್ಪು ತಿಂದೇ ಮಕ್ಳು ಎತ್ತಿಲ್ವಾ? ನಮ್ಮುಡುಗ್ರೇನು ದಡ್ಡರಾ?" ಆಮೇಲೆ ಯಾಕೋ ಸುಮ್ಮನಾದರು. ನನ್ನ ಸ್ಟೀಲ್ ಡಬ್ಬಿಯಲ್ಲಿ ನುಣ್ಣನೆಯ ಉಪ್ಪು ಯಾವಾಗಲೂ ತುಂಬಿರುತ್ತಿತ್ತು. ಪರವಾಗಿಲ್ಲವೇ, ಮುದುಕಿಗೂ ಬುದ್ಧಿ ಬಂತು ಅಂದುಕೊಂಡೆ. ಅಂದುಕೊಂಡದ್ದಷ್ಟೇ ಬಂತು.

ಏಳು ತಿಂಗಳು ತುಂಬುವ ಹೊತ್ತಿಗೆ ನಮ್ಮೂರಿನ ಆಶಾ ಕಾರ್ಯಕರ್ತೆ ಮನೆಮನೆಯ ಉಪ್ಪು ಪರೀಕ್ಷೆ ಮಾಡುತ್ತಾ ಬಂದರು. ಚಿಟಿಕೆ ಉಪ್ಪಿನ ಮೇಲೆ ಸಣ್ಣ ಸೀಸೆಯಿಂದ ಒಂದು ತೊಟ್ಟು ಬಿಡುತ್ತಾರೆ. ಅಯೋಡಿನ್ ಇದ್ದರೆ ಉಪ್ಪು ನೀಲಿಯಾಗುತ್ತದೆ. ಪಕ್ಕದ ಮನೆಯದು ಕಡುನೀಲಿಯಾಗಿತ್ತು. ನನ್ನದು ಬೆಳ್ಳಗೇ ಕೂತಿತ್ತು. ಇನ್ನೊಂದು ತೊಟ್ಟು ಬಿಟ್ಟರೂ ಅಷ್ಟೇ.

"ಇದ್ರಾಗೆ ಏನೂ ಇಲ್ವಲ್ಲಮ್ಮಾ!" ಅಂದರು ಆಕೆ.

ಹೊಟ್ಟೆಯಲ್ಲಿ ಕೂಸು ಒದೆಯುತ್ತಿತ್ತು. "ಆ ಅಂಗಡಿಯವನ ಮನೆ ಹಾಳಾಗ! ಬಸುರಿಗೆ ಕಲಬೆರಕೆ ಮಾರ್ತಾನಾ? ಈಗಲೇ ಹೋಗಿ ಜನ್ಮ ಜಾಲಾಡಿ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದೆ. ಡೇರಿಗೆ ಹಾಲು ಹಾಕಿ ಬಂದ ಗಂಡ ಬಾಗಿಲಲ್ಲೇ ತಡೆದರು.

"ಅಂಗಡಿಯೋನ್ನ ಬೈಬೇಡ ಕಣೇ. ನಮ್ಮಮ್ಮಂಗೆ ಆ ಉಪ್ಪು ಒಗ್ಗಲ್ಲ. ಕಲ್ಲುಪ್ಪನ್ನೇ ಮಿಕ್ಸಿಗಾಕಿ ನಿನ್ ಡಬ್ಬಿಗೆ ತುಂಬ್ತಿದ್ವಿ."

"ತುಂಬ್ತಿದ್ವಿ ಅಂದ್ರೆ?"

"ಪುಡಿ ಮಾಡ್ತಿದ್ದೋನು ನಾನೇ."

"ಮತ್ತೆ ಪ್ಯಾಕೆಟ್ಟು?"

ಅವರು ಕೊಟ್ಟಿಗೆಯ ಕಡೆ ನೋಡಿದರು. "ಬೂಸಾಕ್ಕೆ ಆಕ್ತಿದ್ದೆ. ಗಬ್ಬದ ಅಸೂಗೆ ಅಯೋಡಿನ್ ಬೇಕು, ಇಲ್ದಿದ್ರೆ ಕರ ಸೊರಗ್ತದೆ ಅಂತ ದನದ ಡಾಕ್ಟ್ರು ಏಳಿದ್ರು. ಸುಮ್ನೆ ಯಾಕೆ ಎಸೀಬೇಕು ಅಂತ..."

ಅತ್ತೆಯ ಮೇಲೆ ಬಂದ ಕೋಪ ನಾಲ್ಕು ದಿನಕ್ಕೆ ಇಳಿಯಿತು. ಅವರಿಗೆ ಡಾಕ್ಟರ ಮಾತಿನ ಮೇಲೆ ನಂಬಿಕೆಯೇ ಇರಲಿಲ್ಲ. ನನ್ನ ಗಂಡನಿಗಿತ್ತು. ನಂಬಿಯೇ ಹಸುವಿಗೆ ಹಾಕಿದರು. ನಾನು ಊಟಕ್ಕೆ ಕೂತಾಗ ಎದುರಿಗೇ ಕೂತು, "ಇನ್ನೊಂಚೂರು ಸಾರು ಆಕ್ಕೋ, ಮಗೀಗೆ ಒಳ್ಳೇದು" ಅನ್ನುತ್ತಿದ್ದರು. ಛೀ, ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ಅವತ್ತೇ ಅವರ ಹತ್ತಿರ ಮಾತು ಬಿಟ್ಟೆ.

ವಿಷಯ ತಿಳಿದ ಡಾಕ್ಟರಮ್ಮ, "ಮಾತ್ರೆಯಂತೂ ತಗೊಂಡಿದ್ದೀಯ, ಹೆದರಬೇಡ, ನೋಡೋಣ" ಅಂದರು. ಮಗಳು ಹುಟ್ಟಿದಳು, ಗುಂಡುಗುಂಡಗೆ. ನಡಿಗೆ ತಡವಾಯಿತು, ಮಾತು ಇನ್ನೂ ತಡ. ಈಗ ಅಂಗನವಾಡಿಗೆ ಹೋಗುತ್ತಾಳೆ; ಬಿಡಿಬಿಡಿ ಪದ ಬಿಟ್ಟರೆ ಬಾಯಿಂದ ಏನೂ ಬರುವುದಿಲ್ಲ. ಇದು ಉಪ್ಪಿನಿಂದಲೇ ಆದದ್ದು ಅಂತ ಯಾವ ಡಾಕ್ಟರೂ ಹೇಳುವುದಿಲ್ಲ. ಅಲ್ಲವೇ ಅಲ್ಲ ಅಂತಲೂ ಹೇಳುವುದಿಲ್ಲ. ಕೆಲವು ಮಕ್ಕಳು ನಿಧಾನ, ಅನ್ನುತ್ತಾರೆ.

ಸಂಜೆಯಾದರೆ ಗಂಡ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾತು ಕಲಿಸುತ್ತಾರೆ. ಒಂದಿಷ್ಟೂ ಬೇಜಾರಿಲ್ಲದೆ ಹೇಳಿದ್ದನ್ನೇ ಹೇಳುತ್ತಾರೆ. ಮೊನ್ನೆ ನನ್ನ ಕಡೆ ತಿರುಗಿ, "ಇನ್ನೂ ಎಷ್ಟ್ ದಿನಾಂತ ನನ್ನತ್ರ ಮಾತು ಬಿಟ್ಟಿರ್ತೀಯೇ?" ಅಂದರು.

"ಅವಳು ಬಾಯ್ತುಂಬ ಮಾತಾಡ್ಲಿ," ಅಂದೆ. "ಆಮೇಲೆ ಕೇಳಿ."