ನದಾಫ ಸರ್ ಸಹಿ ಹಾಕದ ವಿಡಿಯೊ

ನದಾಫ ಸರ್ ಬೆರಳುಗಳು ಸುಮ್ಮನಿದ್ದುದನ್ನು ನಾನು ನೋಡಿಯೇ ಇಲ್ಲ. ಸೈಕಲ್ಲಿನ ಹ್ಯಾಂಡಲ್, ಬಸ್ಸಿನ ಸೀಟು, ಅಮ್ಮ ಕೊಟ್ಟ ಉಪ್ಪಿಟ್ಟಿನ ತಟ್ಟೆಯ ಅಂಚು, ಎಲ್ಲವೂ ಅವರಿಗೆ ತಬಲಾವೇ. ಗದಗಿನವರು. ವಾರವೆಲ್ಲ ಡಚ್ ನಾಡಿನ ಹಾರ್ಲೆಮ್‌ನ ಕಂಪನಿಯೊಂದರಲ್ಲಿ ನೆಟ್‌ವರ್ಕ್ ಕೆಲಸ. ಶನಿವಾರ ಬಾಡ್‌ಹೂವೆಡಾರ್ಪ್‌ನ ನಮ್ಮ ಮನೆಗೆ ಬಂದು ನನಗೆ ತಬಲಾ ಪಾಠ. ನುಡಿಸುವಾಗ ತಪ್ಪಿದರೆ ಬೈಯುತ್ತಿರಲಿಲ್ಲ, ತಪ್ಪಿ ನಿಲ್ಲಿಸಿದರೆ ಮಾತ್ರ ಕೆಂಡವಾಗುತ್ತಿದ್ದರು.

"ತಪ್ಪಿದ್ರ ತಪ್ಪಲಿ ಬೇಟಾ, ಕೈ ನಿಲ್ಲಿಸಬ್ಯಾಡ. ತಿರುಗಿ ಸಮ್ಮಿಗೆ ಬಾ."

ಸಮ್ ಎಂದರೆ ತಾಳದ ಸುತ್ತು ಶುರುವಾಗುವ ಮೊದಲ ಮಾತ್ರೆ.

ಕೊರೊನಾದ ಮೊದಲ ಚಳಿಗಾಲದಲ್ಲಿ ನಾನು ಅಮೆರಿಕದ ಕಾಲೇಜೊಂದಕ್ಕೆ ಸಿವಿಲ್ ಎಂಜಿನಿಯರಿಂಗಿಗೆ ಅರ್ಜಿ ಹಾಕುತ್ತಿದ್ದೆ. ಬೇಕಿದ್ದವರು ಅರ್ಜಿಯ ಜೊತೆ ತಮ್ಮ ಕಲೆಯನ್ನೂ ಕಳಿಸಬಹುದಿತ್ತು: ಎಲ್ಲೂ ಕತ್ತರಿಸದ ಹತ್ತು ನಿಮಿಷದ ವಿಡಿಯೊ, ಗುರುಗಳ ಸಹಿಯಿರುವ ಪತ್ರ. ಅಪ್ಪನಿಗೆ ಇಷ್ಟವಿರಲಿಲ್ಲ.

"ಸೇತುವೆ ಕಟ್ಟೋಕೆ ಹೋಗೋಳಿಗೆ ತಬಲಾ ಯಾಕಮ್ಮ? ಮಾರ್ಕ್ಸ್ ಚೆನ್ನಾಗಿದೆ, ಸುಮ್ನೆ ರಿಸ್ಕ್ ಬೇಡ."

ನನ್ನಂಥ ಮಾರ್ಕ್ಸು ಸಾವಿರಾರು ಜನಕ್ಕಿರುತ್ತದೆ. ಎಂಟು ವರ್ಷ ದಿನಾ ಕೂತು ಮಾಡಿದ್ದು ಇದೊಂದೇ. ಏನಾದರಾಗಲಿ, ಕಳಿಸಿಯೇ ಕಳಿಸುತ್ತೇನೆ ಎಂದು ಹಟ ಹಿಡಿದೆ.

ಆನ್‌ಲೈನ್ ಪಾಠದಲ್ಲಿ ಅವರು ಹಾರ್ಮೋನಿಯಂನಲ್ಲಿ ಹಿಡಿಯುವ ತಾಳ ನನಗೆ ತಡವಾಗಿ ತಲುಪುತ್ತಿತ್ತು. ಹಾಗಾಗಿ ಒಬ್ಬಳೇ ನುಡಿಸಿ ರೆಕಾರ್ಡ್ ಮಾಡಿಕೊಂಡೆ. ಎಷ್ಟು ಸಲ ನುಡಿಸಿದರೂ ಒಂದೇ ಕಡೆ ಎಡವುತ್ತಿದ್ದೆ. ಕೊನೆಗೆ ರೋಸಿಹೋಗಿ ಎರಡು ವಿಡಿಯೊಗಳ ಒಳ್ಳೆಯ ಭಾಗಗಳನ್ನು ಜೋಡಿಸಿ ಸರ್‌ಗೆ ಕಳಿಸಿದೆ. ಸ್ವಲ್ಪ ಹೊತ್ತಿಗೇ ಫೋನ್ ಬಂತು.

"ಅರೆ, ಆ ವಿಮಾನ ಎಲ್ಲಿ ಹೋತು?"

"ಯಾವ ವಿಮಾನ ಸರ್?"

"ಐದನೇ ನಿಮಿಷಕ್ಕ ಗುಂಯ್ ಅಂತ ಬಂತು. ಮನಿ ಮ್ಯಾಲ ಬರೂದ್ರಾಗ ಮಾಯ! ಆಕಾಶದಾಗ ಕರಗಿತೇನು?"

ನಮ್ಮದು ವಿಮಾನ ನಿಲ್ದಾಣದ ಪಕ್ಕದ ಊರು. ಆ ದಿನಗಳಲ್ಲಿ ಹಾರಾಟ ಎಷ್ಟು ಕಮ್ಮಿಯೆಂದರೆ, ಆ ಸದ್ದಿನ ನೆನಪೇ ನನಗಾಗಿರಲಿಲ್ಲ. ನಾಲಿಗೆ ಕಚ್ಚಿಕೊಂಡೆ.

"ಸರ್, ಇನ್ನು ಎರಡೇ ದಿನ ಇರೋದು. ಯಾರಿಗೆ ಗೊತ್ತಾಗುತ್ತೆ?"

"ನನಗ ಗೊತ್ತಾತಲ್ಲ. ಇದಕ್ಕ ನನ್ನ ಸಹಿ ಇಲ್ಲ ಬೇಟಾ. ತಪ್ಪಿದ್ದಕ್ಕಲ್ಲ, ಹೊಲಿಗಿ ಹಾಕಿದ್ದಕ್ಕ."

ಸಿಟ್ಟು ನೆತ್ತಿಗೇರಿತು. ಫೋನ್ ಇಟ್ಟುಬಿಟ್ಟೆ.

ಮರುದಿನ ಬೆಳಿಗ್ಗೆ ಹಿತ್ತಲ ಗೇಟಿನಲ್ಲಿ ನದಾಫ ಸರ್! ಮುಂದೆ ಮರದ ಪೆಟ್ಟಿಗೆಯಿರುವ ಸೈಕಲ್ಲನ್ನು ಪಕ್ಕದ ಮನೆಯವರಿಂದ ಕೇಳಿ ತಂದು, ಅದರೊಳಗೆ ಕಂಬಳಿ ಸುತ್ತಿದ ಹಾರ್ಮೋನಿಯಂ ಇಟ್ಟುಕೊಂಡು, ಹಾರ್ಲೆಮ್‌ನಿಂದ ತುಳಿದುಕೊಂಡು ಬಂದಿದ್ದರು.

"ನಿಮ್ಮಪ್ಪಗ ಉಬ್ಬಸ ಐತಿ, ನಾ ಒಳಗ ಬರೂದಿಲ್ಲ. ಕಿಟಕಿ ತಗಿ."

ಆ ಕೊರೆಯುವ ಚಳಿಯಲ್ಲಿ, ಬೆರಳ ತುದಿ ಕತ್ತರಿಸಿದ ಕೈಗವಸು ಹಾಕಿಕೊಂಡು, ಹಿತ್ತಲ ಕುರ್ಚಿಯಲ್ಲಿ ಕೂತು ನುಡಿಸತೊಡಗಿದರು. ನಾನು ವಿಡಿಯೊ ಶುರು ಮಾಡಿ ಕಿಟಕಿಯ ಈಚೆ ತಬಲಾ ಹಿಡಿದೆ. ಅದೇ ಜಾಗ ಬಂತು, ಅಲ್ಲೇ ಎಡವಿದೆ. ಹಾರ್ಮೋನಿಯಂ ಮಾತ್ರ ನಿಲ್ಲಲಿಲ್ಲ. ನಾನೂ ಕೈ ನಿಲ್ಲಿಸದೆ, ಹಲ್ಲು ಕಚ್ಚಿ, ಸಮ್ಮಿಗೆ ಬಂದೆ. ಕೊನೆಯ ಪೆಟ್ಟು ಬಿದ್ದದ್ದೇ ಹೊರಗಿನಿಂದ "ಹ್ಞಾಂ!" ಎಂಬ ಕೂಗು ಕೇಳಿತು.

ಪತ್ರವನ್ನು ಹಾರ್ಮೋನಿಯಂ ಮೇಲೇ ಇಟ್ಟು ಸಹಿ ಹಾಕಿದರು. ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಪ್ಪ, "ಕಳಿಸಮ್ಮ," ಎಂದರು. ಕೊನೆಯ ಆ ಕೂಗನ್ನಾದರೂ ತೆಗೆಯುತ್ತೇನೆ ಎಂದರೆ ಸರ್ ಕೇಳಲಿಲ್ಲ.

"ಕತ್ತರಿ ಮುಟ್ಟಬ್ಯಾಡ ಅಂದೆ ನಾ."

ಹಾಗೆಯೇ ಕಳಿಸಿದೆ. ಸೀಟು ಸಿಕ್ಕಿತು. ತಬಲಾದಿಂದಲೇ ಸಿಕ್ಕಿತೋ ಏನೋ, ಯಾರೂ ಹೇಳಲಿಲ್ಲ. ಸುದ್ದಿ ತಿಳಿಸಲು ಫೋನ್ ಮಾಡಿದರೆ ಅವರ ಹೆಂಡತಿ ಎತ್ತಿಕೊಂಡರು. ತಾಯಿಗೆ ಹುಷಾರಿಲ್ಲವೆಂದು ಗದಗಿಗೆ ಹೋದ ಸರ್ ತಾವೇ ಆಸ್ಪತ್ರೆ ಸೇರಿದ್ದರು. ಆರನೇ ದಿನ ಹೋಗಿಬಿಟ್ಟರು. ಬಿಕ್ಕಿ ಬಿಕ್ಕಿ ಅತ್ತೆ.

ಆ ವಿಡಿಯೊದಲ್ಲಿ ಅವರೆಲ್ಲೂ ಕಾಣುವುದಿಲ್ಲ. ಕೊನೆಯ ಮೂರು ಸೆಕೆಂಡಿನಲ್ಲಿ ಕಿಟಕಿಯಾಚೆಯಿಂದ "ಹ್ಞಾಂ!" ಎನ್ನುತ್ತಾರೆ. ನನ್ನ ಹತ್ತಿರ ಉಳಿದಿರುವ ಅವರ ದನಿ ಅದೊಂದೇ. ಸದ್ಯ, ಕತ್ತರಿಸಲಿಲ್ಲ.