ಕುಂಕುಮ ಮೆತ್ತಿದ ಕೈವಾರ

ಮಸ್ಕಿಯ ಪ್ರಾಥಮಿಕ ಶಾಲೆಗೆ ನಾನು ಮಾಸ್ತರನಾಗಿ ಹೋದ ಎರಡನೇ ವರ್ಷ, ನಾಲ್ಕನೇ ತರಗತಿಯ ಮಕ್ಕಳಿಗೆ ರೇಖಾಚಿತ್ರ ಕಲಿಸಬೇಕೆಂದು ಮೇಲಿನಿಂದ ಹುಕುಂ ಬಂತು. ಹೂವು, ಗಿಳಿ ಬರೆಯಿಸುವುದಲ್ಲ. ಅಳತೆ ಹಿಡಿದು ಗೆರೆ, ಮೂಲೆ, ವೃತ್ತ ಎಳೆಯಿಸುವುದು. ನನಗೇ ಅದು ಬರುತ್ತಿರಲಿಲ್ಲ. ಲಿಂಗಸುಗೂರಿನಲ್ಲಿ ಓದುವಾಗ ನಮ್ಮ ಮಾಸ್ತರರು ವೃತ್ತ ಎಂದರೇನು ಎಂಬುದನ್ನು ಆಗಿನ ಸರಕಾರಿ ಭಾಷೆಯಾದ ಉರ್ದುವಿನಲ್ಲಿ ಹೇಳಿ ಬರೆಸಿದ್ದರು, ನಾವು ಬಾಯಿಪಾಠ ಮಾಡಿದ್ದೆವು. ಕೈವಾರವನ್ನು ಮುಟ್ಟಿದವನು ನಮ್ಮಲ್ಲಿ ಒಬ್ಬನೂ ಇರಲಿಲ್ಲ. ದಂಡೆಯ ಮೇಲೆ ಕೂತು ಈಜು ಕಲಿತ ಹಾಗೆ. ಈ ಮಕ್ಕಳಿಗಾದರೂ ಆ ಗತಿ ಬೇಡ, ಅವರ ಕೈಯಿಂದಲೇ ಒಂದೊಂದು ವೃತ್ತ ಎಳೆಯಿಸಬೇಕು ಎಂದು ಹಟ ಹಿಡಿದೆ.

ಮನೆಯಲ್ಲಿ ಹೆಂಡತಿಯ ಬಳೆ ಇಟ್ಟು ಸುತ್ತ ಪೆನ್ಸಿಲ್ ಆಡಿಸಿ ನೋಡಿದೆ. ಗುಂಡನೆಯ ಗೆರೆಯೇನೋ ಬಂತು, ನಡುವಿನ ಚುಕ್ಕಿ ಎಲ್ಲಿ? ಪಾಠ ಶುರುವಾಗುವುದೇ ಆ ಚುಕ್ಕಿಯಿಂದ. "ಕಾಜಿನ ಬಳಿ ಅದಾವ್ರೀ, ಒಡದ್ರ ಸಿಂಧನೂರಿಗೆ ನೀವ ಹೋಗಿ ತರಬೇಕು" ಎಂದು ಅವಳು ಕಸಿದುಕೊಂಡಳು.

ಶಾಲೆಯಲ್ಲಿ ಸರಕಾರ ಕೊಟ್ಟ ಪೆಟ್ಟಿಗೆಯೊಂದಿತ್ತು. ಅದರಲ್ಲಿ ಹಲಗೆಯ ಮೇಲೆ ಬರೆಯುವ ಕಟ್ಟಿಗೆಯ ದೊಡ್ಡ ಕೈವಾರ, ಮೂಲೆಮಟ್ಟ, ಅಳತೆಪಟ್ಟಿ. ಹೆಡ್‌ಮಾಸ್ತರರು ಅದನ್ನು ಕಪಾಟಿನಲ್ಲಿಟ್ಟು, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದರು. ಖಂಡೇನವಮಿಯ ಆಯುಧಪೂಜೆಗೆ ಮಾತ್ರ ಅದು ಹೊರಗೆ ಬರುತ್ತಿತ್ತು.

"ಪೂಜಿ ಮಾಡಿದ ಸಾಮಾನ ಮಕ್ಕಳ ಕೈಯಾಗ ಕೊಡಾಕ ಬರತೈತೇನ್ರೀ ಮಾಸ್ತರ? ಬಾಯಿಲೆ ಹೇಳ್ರಿ, ಸಾಕು" ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಬೆನ್ನು ಹತ್ತಿ ಬೇಡಿದ ಮೇಲೆ ಒಂದು ಶನಿವಾರ ಪೆಟ್ಟಿಗೆ ನನ್ನ ಮನೆಗೆ ಬಂತು.

ಮುಚ್ಚಳ ತೆರೆದೆ. ನಾತ ತಾಳದೆ ಮೂಗು ಮುಚ್ಚಿಕೊಂಡೆ. ವರ್ಷ ವರ್ಷದ ಕುಂಕುಮ, ಎಣ್ಣೆ, ವಿಭೂತಿ ಸೇರಿ ಕೈವಾರದ ಕಾಲುಗಳ ಮೇಲೆ ಹಕ್ಕಳೆ ಕಟ್ಟಿತ್ತು. ಕೊಳೆತ ಹೂವಿನೊಳಗೆ ಜಿರಲೆ ಮರಿ ಹಾಕಿತ್ತು. ಕಾಯಿನೀರು ಕುಡಿದು ಕುಡಿದು ಕಬ್ಬಿಣದ ಕೀಲು ಜಂಗು ಹಿಡಿದು, ಎರಡು ಕಾಲೂ ಅಂಟಿಕೊಂಡುಬಿಟ್ಟಿದ್ದವು. ಇದು ಭಕ್ತಿಯೋ ಹೇಸಿಗೆಯೋ! ರವಿವಾರವೆಲ್ಲ ಕೂತು ಚಾಕುವಿನಿಂದ ಕೆರೆದೆ, ಚಿಮಣಿ ಎಣ್ಣೆ ಹಾಕಿ ತಿಕ್ಕಿದೆ. ಉಗುರಿನೊಳಗೆ ಹೊಕ್ಕ ಕೆಂಪು ಜಿಡ್ಡು ಹೋಗದೆ, ಆ ಕೈಯಿಂದ ರೊಟ್ಟಿ ಮುರಿಯಲು ಮನಸ್ಸಾಗಲಿಲ್ಲ. ಸಂಜೆಗೆ ಕೀಲು ಕಿರ್ರೆಂದು ಬಿಚ್ಚಿತು. ಗೋಡೆಯ ಮೇಲೆ ನನ್ನ ಜನ್ಮದ ಮೊದಲ ವೃತ್ತ ಎಳೆದೆ. ನಡುವೆ ಚುಕ್ಕಿ ಇತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು.

ಸೋಮವಾರ ಶಾಲೆಯಲ್ಲಿ ಪೆಟ್ಟಿಗೆ ತೆರೆದು ಕೈವಾರವನ್ನು ಮೇಜಿನ ಮೇಲಿಟ್ಟು, ಮಕ್ಕಳನ್ನು ಹಲಗೆಯ ಮುಂದೆ ಸಾಲಾಗಿ ನಿಲ್ಲಿಸಿದೆ, ಒಬ್ಬೊಬ್ಬರೇ ಬಂದು ಎಳೆಯಲಿ ಎಂದು. ಅಷ್ಟರಲ್ಲಿ ಹೆಡ್‌ಮಾಸ್ತರರು ಪೂಜೆಯ ತಟ್ಟೆ ಹಿಡಿದು ಬಂದರು.

"ಹೊಸಾ ಪಾಠ ಸುರು ಆಗಾಕತ್ತೈತಿ, ಅದನ್ನ ಬರೇ ಹಣಿಲೆ ಇಟ್ಟೀರಲ್ರೀ!"

ನಾನು ತಡೆಯುವ ಮೊದಲೇ ಕಾಲುಗಳಿಗೆ ಕುಂಕುಮ ಮೆತ್ತಿ, ಕಾಯಿ ಒಡೆದು, ನೀರನ್ನು ಕೀಲಿನ ಮೇಲೆಯೇ ಸುರಿದರು. ಹಸಿ ಕೈವಾರವನ್ನು ಹಾಗೆಯೇ ಪೆಟ್ಟಿಗೆಗೆ ಹಾಕಿ ಮುಚ್ಚಿದರು. "ಪೂಜಿ ಆತು. ಇನ್ನ ಬಾಯಿಲೆ ಹೇಳ್ರಿ" ಎಂದರು.

ಮಕ್ಕಳು ಕೈಮುಗಿದರು, ಕೊಬ್ಬರಿ ಚೂರು ತಿಂದರು. ಸಾಲಿನ ಮುಂದೆ ನಿಂತಿದ್ದ ಹುಡುಗಿ, ಮೊದಲು ಎಳೆಯಬೇಕಾಗಿದ್ದವಳು, ನನ್ನನ್ನೇ ಕೇಳಿದಳು: "ಸರ, ಅದು ಯಾವ ದೇವರ್ರೀ?"

ಹೆಡ್‌ಮಾಸ್ತರರು ಅವಳ ತಲೆ ಸವರಿ, "ಶಾಣ್ಯಾಕಿ ಅದಾಳ" ಎಂದರು.